ಆಗಾಗ ಮಾತ್ರ ಹೀಟ್ ಆಗುವ ಹಳೆಯ ಡೀಸೆಲ್ ಜೀಪು: ದೋಷ ಹುಡುಕುವ ಕ್ರಮ

ಯಾವಾಗಲೂ ಹೀಟ್ ಆಗುವ ಎಂಜಿನ್ನಿನ ದೋಷ ಹಿಡಿಯುವುದು ಅಷ್ಟು ಕಷ್ಟವಲ್ಲ. ಗ್ಯಾರೇಜಿನ ಮುಂದೆ ನಿಲ್ಲಿಸಿ ಹದಿನೈದು ನಿಮಿಷ ಚಾಲೂ ಇಟ್ಟರೆ ತನ್ನ ರೋಗವನ್ನು ಅದೇ ತೋರಿಸುತ್ತದೆ. ಕಷ್ಟ ಕೊಡುವುದು, ನಾಲ್ಕು ದಿನ ಸುಮ್ಮನೆ ಓಡಿ ಐದನೆಯ ದಿನ ಏರಿನಲ್ಲಿ ಟೆಂಪರೇಚರ್ ಮೀಟರಿನ ಮುಳ್ಳನ್ನು ಕೆಂಪು ಗೆರೆಗೆ ಮುಟ್ಟಿಸಿ, ನೆರಳಿನಲ್ಲಿ ಅರ್ಧ ಗಂಟೆ ನಿಂತ ಮೇಲೆ ಏನೂ ನಡೆದೇ ಇಲ್ಲವೆಂಬಂತೆ ಮನೆಗೆ ಬರುವ ಎಂಜಿನ್ನು. ಮರುದಿನ ಮಿಸ್ತ್ರಿಯ ಮುಂದೆ ಅದು ಪೂರ್ತಿ ಆರೋಗ್ಯವಾಗಿರುತ್ತದೆ. ಆತ ಕಾಣದ ರೋಗಕ್ಕೆ ಊಹೆಯ ಮೇಲೆ ಮದ್ದು ಕೊಡಬೇಕಾಗುತ್ತದೆ.

ನನ್ನ ಬಳಿ ಇರುವುದು 1990ರ ದಶಕದ, ಟರ್ಬೊ ಇಲ್ಲದ, ನಾಲ್ಕು ಸಿಲಿಂಡರಿನ, ನಾಲ್ಕೂ ಚಕ್ರಗಳಿಗೆ ಎಳೆತ ಕೊಡಬಹುದಾದ ಡೀಸೆಲ್ ಜೀಪು. ಚಿಂಚೋಳಿ ತಾಲ್ಲೂಕಿನ ನಮ್ಮ ಎರೆ ಹೊಲಕ್ಕೆ ಹೋಗಲು, ಕೊಂಚಾವರಂ ಕಡೆಯ ಗುಡ್ಡದ ದಾರಿ ಏರಲು, ರಾಶಿಯಾದ ಮೇಲೆ ತೊಗರಿ ಚೀಲ ಹೇರಿಕೊಂಡು ಕಲಬುರಗಿ ಮಾರುಕಟ್ಟೆಗೆ ಬರಲು ಅದೇ ಗಾಡಿ. ಎರಡು ಬೇಸಿಗೆ ಅದು ಹೀಗೆಯೇ ಕಾಡಿತು. ಮೊದಲ ಗ್ಯಾರೇಜಿನಲ್ಲಿ ಥರ್ಮೋಸ್ಟಾಟ್ (ನೀರು ಕಾಯ್ದಾಗ ರೇಡಿಯೇಟರಿನ ದಾರಿ ತೆರೆಯುವ ವಾಲ್ವು) ತೆಗೆದು ಪಕ್ಕಕ್ಕಿಟ್ಟರು, ಎರಡನೆಯದರಲ್ಲಿ ವಾಟರ್ ಪಂಪ್ ಬದಲಿಸಿದರು, ಮೂರನೆಯ ಕಡೆ ಹಿರಿಯ ಉಸ್ತಾದರೊಬ್ಬರು ಬಾನೆಟ್ ಮೇಲೆ ಕೈಯಿಟ್ಟು, ‘ಹೆಡ್ ಬಿಚ್ಚಬೇಕಾಗ್ತದ್ರಿ’ ಎಂದರು, ಅಂದರೆ ಸಿಲಿಂಡರುಗಳ ಮೇಲೆ ಕೂರುವ ಎಂಜಿನ್ನಿನ ತಲೆಭಾಗವನ್ನೇ. ಅವರಲ್ಲಿ ಯಾರನ್ನೂ ನಾನು ದೂರುವುದಿಲ್ಲ. ‘ಆಗಾಗ ಹೀಟ್ ಆಗ್ತದ’ ಎಂಬ ಮೂರು ಪದಗಳ ಹೊರತು ಅವರ ಕೈಗೆ ನಾನು ಬೇರೇನನ್ನೂ ಕೊಟ್ಟಿರಲಿಲ್ಲ. ಹೆಡ್ ಬಿಚ್ಚಿಸುವುದನ್ನು ಎರಡು ವಾರ ಮುಂದೂಡಿ, ಆ ಎರಡು ವಾರದಲ್ಲಿ ನಾನೇ ಕ್ರಮವಾಗಿ ನೋಡುತ್ತಾ ಹೋದದ್ದರಿಂದ ದೋಷ ಸಿಕ್ಕಿತು. ಆ ಕ್ರಮವನ್ನು, ನನ್ನ ಗಾಡಿಯಲ್ಲಿ ಇಲ್ಲದಿದ್ದರೂ ಇಂಥ ಗಾಡಿಗಳಲ್ಲಿ ಇರಬಹುದಾದ ಇತರ ಕಾರಣಗಳನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಪಾನಾ ಹಿಡಿಯುವ ಮೊದಲು ಪೆನ್ನು

ಹಳೆಯ ಎಂಜಿನ್ನು ಆಗಾಗ ಮಾತ್ರ ಹೀಟ್ ಆಗುತ್ತಿದೆ ಎಂದರೆ ಸಾಮಾನ್ಯವಾಗಿ ಒಂದು ಭಾಗ ಪೂರ್ತಿ ಕೆಟ್ಟಿದೆ ಎಂದು ಅರ್ಥವಲ್ಲ. ಎರಡು ಮೂರು ಭಾಗಗಳು ಅರ್ಧರ್ಧ ದಣಿದಿವೆ, ಮತ್ತು ಯಾವುದೋ ಒಂದು ಸ್ಥಿತಿಯಲ್ಲಿ ಮಾತ್ರ ಆ ದಣಿವುಗಳೆಲ್ಲ ಒಟ್ಟಿಗೆ ಕೂಡುತ್ತವೆ ಎಂದು ಅರ್ಥ. ಆದ್ದರಿಂದ ಮೊದಲು ಹುಡುಕಬೇಕಾದದ್ದು ಕೆಟ್ಟ ಭಾಗವನ್ನಲ್ಲ, ಆ ಸ್ಥಿತಿಯನ್ನು. ಗಾಡಿಯಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಡಿ. ಮುಳ್ಳು ಏರಿದಾಗಲೆಲ್ಲ ಸಮಯ, ಬಿಸಿಲು, ಹೇರಿದ ಭಾರ, ಗೇರು, ವೇಗ, ಚಾಲೂ ಮಾಡಿ ಎಷ್ಟು ಹೊತ್ತಾಗಿತ್ತು, ಗಾಳಿ ಎದುರಿನಿಂದ ಬೀಸುತ್ತಿತ್ತೋ ಬೆನ್ನಿನಿಂದಲೋ, ನಿಲ್ಲಿಸಿದ ಮೇಲೆ ಮುಳ್ಳು ಎಷ್ಟು ನಿಮಿಷದಲ್ಲಿ ಇಳಿಯಿತು, ಮರುದಿನ ಬೆಳಿಗ್ಗೆ ರೇಡಿಯೇಟರಿನಲ್ಲಿ ನೀರು ಎಷ್ಟು ಕಡಿಮೆಯಾಗಿತ್ತು ಎಂಬುದನ್ನೆಲ್ಲ ಬರೆಯಿರಿ. ಬೆನ್ನಿನ ಗಾಳಿಯ ಮಾತು ಕ್ಷುಲ್ಲಕವೆಂದು ತೋರಬಹುದು, ಆದರೆ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಏರುವಾಗ ಅಷ್ಟೇ ವೇಗದ ಗಾಳಿ ಹಿಂದಿನಿಂದ ಬಂದರೆ, ರೇಡಿಯೇಟರಿನ ಪಾಲಿಗೆ ಗಾಡಿ ನಿಂತಂತೆಯೇ.

ಹತ್ತು ಹನ್ನೆರಡು ಸಲದ ಟಿಪ್ಪಣಿ ಕೂಡಿದಾಗ ಅದರಲ್ಲಿ ಒಂದು ದಾರಿ ಕಾಣತೊಡಗುತ್ತದೆ. ಸಂತೆಯ ಗದ್ದಲದಲ್ಲಿ ತೆವಳುವಾಗ, ನಿಂತಲ್ಲೇ ಚಾಲೂ ಇದ್ದಾಗ, ಲೋ ಗೇರಿನಲ್ಲಿ ಕೆಸರು ದಾಟುವಾಗ ಹೀಟ್ ಆಗಿ, ರಸ್ತೆಗೆ ಬಂದು ವೇಗ ಹಿಡಿದೊಡನೆ ಇಳಿದರೆ ಕೊರತೆಯಿರುವುದು ಗಾಳಿಗೆ: ಫ್ಯಾನು, ಬೆಲ್ಟು, ರೇಡಿಯೇಟರಿನ ಹೊರಮೈ. ನಿಧಾನವಾಗಿ ಹೋಗುವಾಗ ಸುಖವಾಗಿದ್ದು, ನೇರ ರಸ್ತೆಯಲ್ಲಿ ವೇಗ ಹಿಡಿದು ಅರ್ಧ ಗಂಟೆಯಾದ ಮೇಲೆ ನಿಧಾನವಾಗಿ ಏರಿದರೆ ಕೊರತೆಯಿರುವುದು ನೀರಿನ ಹರಿವಿಗೆ: ಕಟ್ಟಿಕೊಂಡ ರೇಡಿಯೇಟರು, ಸವೆದ ಪಂಪು, ಒಳಗೆಳೆದುಕೊಳ್ಳುವ ಹೋಸ್ ಪೈಪು. ಮುಳ್ಳು ಒಂದೆರಡು ನಿಮಿಷದಲ್ಲಿ ಮೇಲೆ ಹಾರಿ, ಮತ್ತೆ ಕೆಳಗೆ ಬಿದ್ದು, ಮತ್ತೆ ಹಾರಿದರೆ ಒಳಗೆ ಗಾಳಿ ಸಿಕ್ಕಿಕೊಂಡಿರಬೇಕು, ಥರ್ಮೋಸ್ಟಾಟ್ ಸಿಕ್ಕಿಹಾಕಿಕೊಳ್ಳುತ್ತಿರಬೇಕು, ಇಲ್ಲವೇ ಮೀಟರೇ ಸುಳ್ಳು ಹೇಳುತ್ತಿರಬೇಕು. ಭಾರ ಹೊತ್ತು ಏರುವಾಗ ಮಾತ್ರ ಹೀಟ್ ಆಗುವುದು ಇವೆಲ್ಲಕ್ಕಿಂತ ಕಠಿಣ, ಏಕೆಂದರೆ ಮೇಲಿನ ಯಾವ ಕಾರಣವಾದರೂ ಅಲ್ಲಿ ಮುಖ ತೋರಿಸಬಹುದು, ಹೆಡ್ಡಿಗೂ ಅದರ ಕೆಳಗಿನ ಬ್ಲಾಕಿಗೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ಕೂಡ. ನನ್ನ ನೋಟ್‌ಬುಕ್ಕಿನಲ್ಲಿ ಹನ್ನೊಂದು ಸಲದ ದಾಖಲೆಯಿತ್ತು. ಹನ್ನೊಂದೂ ಸಲ ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಎಂಜಿನ್ನು ಜೋರಾಗಿ ತಿರುಗುತ್ತಾ ಇಪ್ಪತ್ತು ನಿಮಿಷ ಕಳೆದ ಮೇಲೆ, ಮತ್ತು ಒಂಬತ್ತು ಸಲ ಮಧ್ಯಾಹ್ನದಲ್ಲಿ. ಚಿಂಚೋಳಿಯ ಬಜಾರಿನಲ್ಲಿ ಒಮ್ಮೆಯೂ ಇಲ್ಲ.

ಮೀಟರಿನ ಸಾಕ್ಷಿ

ಮುಳ್ಳು ಏರಿದ್ದೆಲ್ಲ ನಿಜವಾಗಿಯೂ ಹೀಟ್ ಆಗಿದ್ದಲ್ಲ. ಹಳೆಯ ಗಾಡಿಗಳಲ್ಲಿ ಡೀಸೆಲ್ ಮೀಟರಿಗೂ ಟೆಂಪರೇಚರ್ ಮೀಟರಿಗೂ ಒಂದೇ ವೋಲ್ಟೇಜ್ ಸ್ಟೆಬಿಲೈಸರ್ ಇರುವುದು ಸಾಮಾನ್ಯ. ಅದು ಅಥವಾ ಅದರ ಅರ್ಥ್ ವೈರು ಕೆಟ್ಟರೆ ಎರಡೂ ಮುಳ್ಳುಗಳು ಜೊತೆಯಾಗಿ ಏರುತ್ತವೆ. ಹೆಡ್‌ಲೈಟ್ ಹಾಕಿದೊಡನೆ ಟೆಂಪರೇಚರ್ ಮುಳ್ಳು ಅಲುಗಿದರೆ ಅರ್ಥ್ ವೈರನ್ನು ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಬಿಗಿಯಬೇಕು. ಕೈಯಲ್ಲಿ ಹಿಡಿದು ದೂರದಿಂದ ಶಾಖ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದಿದ್ದರೆ ಥರ್ಮೋಸ್ಟಾಟ್ ಮನೆಯ ಮೇಲೆ ನೇರವಾಗಿ ಅಳೆದು ಮುಳ್ಳಿನೊಂದಿಗೆ ಹೋಲಿಸಬಹುದು. ಹೊಳೆಯುವ ಲೋಹದ ಮೇಲೆ ಅದು ತಪ್ಪು ತೋರಿಸುತ್ತದೆ; ಅಳೆಯುವ ಜಾಗಕ್ಕೆ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪು ಹಚ್ಚಿ ಅದರ ಮೇಲೆ ಅಳೆಯಿರಿ.

ಇದರ ತಿರುಗುಮುರುಗು ಇನ್ನೂ ಅಪಾಯಕಾರಿ. ನೀರು ಸೋರಿಹೋಗಿ ಸೆನ್ಸರಿನ ಸುತ್ತ ಬರೀ ಹಬೆ ಉಳಿದಾಗ ಮುಳ್ಳು ಏರುವ ಬದಲು ತಣ್ಣಗಿನ ಕಡೆಗೆ ಬೀಳುತ್ತದೆ. ಏರಿದ್ದ ಮುಳ್ಳು ಕಾರಣವಿಲ್ಲದೆ ಥಟ್ಟನೆ ಬಿದ್ದರೆ ಸಮಾಧಾನಪಡದೆ ಗಾಡಿ ನಿಲ್ಲಿಸಿ ಎಂಜಿನ್ ಬಂದ್ ಮಾಡಬೇಕು. ನೀರು ಇದ್ದೂ ಹೀಟ್ ಆದಾಗ ಮಾಡಬೇಕಾದದ್ದು ಬೇರೆ: ಭಾರ ಇಳಿಸಿ, ಅಂದರೆ ಬದಿಗೆ ನಿಲ್ಲಿಸಿ ನ್ಯೂಟ್ರಲ್ ಮಾಡಿ, ಎಂಜಿನ್ನನ್ನು ಐಡಲ್‌ಗಿಂತ ಸ್ವಲ್ಪ ಜೋರಾಗಿ ಎರಡು ಮೂರು ನಿಮಿಷ ತಿರುಗಲು ಬಿಡಬೇಕು, ಹೀಟರ್ ಇದ್ದರೆ ಪೂರ್ತಿ ತೆರೆಯಬೇಕು. ತಟ್ಟನೆ ಬಂದ್ ಮಾಡಿದರೆ ನೀರಿನ ಹರಿವು ನಿಂತು, ಹೆಡ್ಡಿನಲ್ಲಿ ಉಳಿದ ಶಾಖ ಅಲ್ಲೇ ಇರುವ ನೀರನ್ನು ಕುದಿಸುತ್ತದೆ. ಕಾಯ್ದ ರೇಡಿಯೇಟರಿನ ಮುಚ್ಚಳವನ್ನು ಬಟ್ಟೆ ಸುತ್ತಿಯೂ ತೆರೆಯಬಾರದು. ಮುಖ ಮತ್ತು ಎದೆ ಸುಟ್ಟುಕೊಂಡವರನ್ನು ನಾನು ನೋಡಿದ್ದೇನೆ. ಒಂದು ಗಂಟೆ ಕಾಯುವುದರಿಂದ ಯಾವ ಕೆಲಸವೂ ಅಷ್ಟು ಕೆಡುವುದಿಲ್ಲ. ಕಾಯ್ದ ಬ್ಲಾಕಿಗೆ ತಣ್ಣೀರು ಸುರಿದರೆ ಬಿರುಕು ಬಿಡುವ ಭಯವೂ ಉಂಟು.

ಬೆಳಗಿನ ಮುಚ್ಚಳ

ಒಂದು ಪೈಸೆ ಖರ್ಚಿಲ್ಲದೆ ಅತ್ಯಂತ ಹೆಚ್ಚು ಹೇಳುವ ಪರೀಕ್ಷೆ ಬೆಳಿಗ್ಗೆ, ಎಂಜಿನ್ನು ರಾತ್ರಿಯಿಡೀ ತಣಿದಿರುವಾಗ ಮಾಡುವಂಥದ್ದು. ಮೇಲಿನ ಹೋಸ್ ಪೈಪನ್ನು ಮೊದಲು ಹಿಸುಕಿ ನೋಡಿ, ಆಮೇಲೆ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ. ತಣಿದ ಎಂಜಿನ್ನಿನಲ್ಲಿ ಒತ್ತಡ ಇರಬಾರದು. ನೀರು ಕುಗ್ಗಿರುವುದರಿಂದ ಒಳಗೆ ಸ್ವಲ್ಪ ಎಳೆತವೇ ಇರುತ್ತದೆ. ರಾತ್ರಿ ಕಳೆದ ಮೇಲೂ ‘ಸುಸ್ಸ್’ ಎಂದು ಒತ್ತಡ ಹೊರಬಂದರೆ, ಸಿಲಿಂಡರಿನ ಹೊಗೆ ಗ್ಯಾಸ್ಕೆಟ್ ದಾಟಿ ಅಥವಾ ಹೆಡ್ಡಿನ ಬಿರುಕಿನಿಂದ ನೀರಿಗೆ ಸೇರುತ್ತಿದೆ ಎಂಬ ಅನುಮಾನ ಬಲವಾಗುತ್ತದೆ. ಮುಚ್ಚಳ ಹಾಕಿ ಚಾಲೂ ಮಾಡಿ, ಎಂಜಿನ್ನು ಇನ್ನೂ ಕಾಯದಿರುವಾಗ, ಮೊದಲ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸು ಕಲ್ಲಿನಂತೆ ಬಿಗಿದರೆ ಅನುಮಾನ ಇನ್ನೂ ಗಟ್ಟಿ.

ಡೀಸೆಲ್ ಎಂಜಿನ್ನಿನಲ್ಲಿ ಸಿಲಿಂಡರಿನ ಒತ್ತಡ ಪೆಟ್ರೋಲಿನದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಸಣ್ಣದಾಗಿ ಸೋಲುತ್ತಿರುವ ಗ್ಯಾಸ್ಕೆಟ್ ಐಡಲ್‌ನಲ್ಲಿ ತಡೆದು ನಿಂತು, ಭಾರ ಬಿದ್ದಾಗ ಮಾತ್ರ ಹೊಗೆಯನ್ನು ನೀರಿಗೆ ಬಿಡುತ್ತದೆ. ಆಗಾಗ ಹೀಟ್ ಆಗುವುದಕ್ಕೆ ಇದು ನಿಜವಾದ ಕಾರಣವಾಗಬಲ್ಲದು, ಉಸ್ತಾದರು ಹೇಳಿದ್ದು ಆಧಾರವಿಲ್ಲದ ಮಾತಲ್ಲ. ಗ್ಯಾರೇಜುಗಳಲ್ಲಿ ಇದಕ್ಕೆ ನೀಲಿ ದ್ರವದ ಪರೀಕ್ಷೆ ಮಾಡುತ್ತಾರೆ: ರೇಡಿಯೇಟರಿನ ಕತ್ತಿನಿಂದ ಬರುವ ಗಾಳಿಯನ್ನು ಆ ದ್ರವದ ಮೂಲಕ ಹಾಯಿಸಿದಾಗ, ಇಂಗಾಲದ ಡೈಆಕ್ಸೈಡ್ ಇದ್ದರೆ ಬಣ್ಣ ಹಳದಿಗೆ ತಿರುಗುತ್ತದೆ. ಆದರೆ ಐಡಲ್‌ನಲ್ಲಿರುವ ಡೀಸೆಲ್ ಎಂಜಿನ್ನು ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಗಾಳಿ ಎಳೆದುಕೊಳ್ಳುವುದರಿಂದ ಅದರ ಹೊಗೆಯಲ್ಲಿ ಆ ಅನಿಲ ಕಡಿಮೆ. ಬಣ್ಣ ನೀಲಿಯಾಗಿಯೇ ಉಳಿದರೆ ಗ್ಯಾಸ್ಕೆಟ್ ಸರಿಯಿದೆ ಎಂದು ತೀರ್ಮಾನಿಸಬಾರದು. ಏರು ಹತ್ತಿಸಿ ತಂದ ಕೂಡಲೇ, ನೀರು ಉಕ್ಕದಷ್ಟು ತಣಿಸಿ, ಮತ್ತೆ ಪರೀಕ್ಷಿಸಬೇಕು. ನನ್ನ ಜೀಪಿನಲ್ಲಿ ಐದು ಬೆಳಿಗ್ಗೆ ಮುಚ್ಚಳ ತೆರೆದೆ. ಐದೂ ಸಲ ಒತ್ತಡವಿರಲಿಲ್ಲ, ಎಣ್ಣೆಯ ಪಸೆ ಇರಲಿಲ್ಲ, ಎಂಜಿನ್ ಆಯಿಲ್ ಮಜ್ಜಿಗೆಯ ಬಣ್ಣಕ್ಕೆ ತಿರುಗಿರಲಿಲ್ಲ. ಹೆಡ್ ಬಿಚ್ಚುವ ಮಾತನ್ನು ನಾನು ಕಡೆಗೆ ಸರಿಸಿದ್ದು ಈ ಆಧಾರದ ಮೇಲೆ.

ಆ ಐದು ಬೆಳಿಗ್ಗೆ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಮುಚ್ಚಳದ ಕೆಳಗಿನ ರಬ್ಬರ್ ವಾಷರ್ ಗಟ್ಟಿಯಾಗಿ, ಅದರ ಅಂಚಿನಲ್ಲಿ ಉಗುರು ಗೀರಿದಂಥ ಎರಡು ಸೀಳು ಬಿಟ್ಟಿತ್ತು. ಮುಚ್ಚಳ ಬರೀ ಮುಚ್ಚಳವಲ್ಲ, ಅದು ಒತ್ತಡ ಹಿಡಿಯುವ ವಾಲ್ವು. ನೀರು ಸಮುದ್ರ ಮಟ್ಟದಲ್ಲಿ 100 ಡಿಗ್ರಿಗೆ ಕುದಿಯುತ್ತದೆ. ಎತ್ತರ ಏರಿದಂತೆ ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿ ಕಡಿಮೆಯಾಗುವುದರಿಂದ, ಸುಮಾರು 450 ಮೀಟರ್ ಎತ್ತರದ ಕಲಬುರಗಿಯಲ್ಲಿ 98.5ರ ಹತ್ತಿರ, 700 ಮೀಟರಿನ ಆಸುಪಾಸಿನ ಬೀದರಿನಲ್ಲಿ 98ಕ್ಕೂ ಸ್ವಲ್ಪ ಕೆಳಗೆ ಕುದಿಯುತ್ತದೆ. 0.9 ಬಾರ್ ಒತ್ತಡ ಹಿಡಿಯುವ ಒಳ್ಳೆಯ ಮುಚ್ಚಳ ಇದನ್ನು 115 ಡಿಗ್ರಿಯ ಮೇಲಕ್ಕೆ ಎತ್ತುತ್ತದೆ. ಒತ್ತಡ ಬಿಟ್ಟುಕೊಡುವ ಮುಚ್ಚಳವಿದ್ದರೆ ಎಂಜಿನ್ನು ತನ್ನ ಸಹಜ ಶಾಖದಲ್ಲಿದ್ದಾಗಲೇ ಹೆಡ್ಡಿನ ಬಿಸಿ ಮೂಲೆಗಳಲ್ಲಿ ಹಬೆ ಏಳತೊಡಗುತ್ತದೆ. ಎಷ್ಟು ಒತ್ತಡದ ಮುಚ್ಚಳ ಬೇಕೆಂಬುದು ಹಳೆಯದರ ಮೇಲೆಯೇ ಮುದ್ರಿತವಾಗಿರುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಹಾಕಿದರೆ ಹಳೆಯ ರೇಡಿಯೇಟರಿನ ಬೆಸುಗೆ ಬಿಡುತ್ತದೆ.

ಗಾಳಿಯ ದಾರಿ

ನಮ್ಮ ಸೀಮೆಯಲ್ಲಿ ರೇಡಿಯೇಟರಿನ ಹೊರಮೈಗೆ ಎರಡು ಶತ್ರುಗಳು. ಡಿಸೆಂಬರ್, ಜನವರಿಯಲ್ಲಿ ರಾಶಿ ನಡೆಯುವ ಕಣದ ಪಕ್ಕ ಹಾದುಹೋಗುವ ಗಾಡಿ ತೊಗರಿ ಹೊಟ್ಟನ್ನು ಹೊಟ್ಟೆ ತುಂಬ ಎಳೆದುಕೊಳ್ಳುತ್ತದೆ. ಮಳೆಗಾಲದ ಎರೆ ಮಣ್ಣು ಅದರ ಮೇಲೆ ಕೂತು, ಒಣಗಿ, ಗಾರೆಯಂತಾಗುತ್ತದೆ. ಎದುರಿನಿಂದ ನೋಡಿದರೆ ರೇಡಿಯೇಟರಿನ ಕೊಳವೆಗಳಿಗೆ ಅಂಟಿದ ತೆಳು ತಗಡಿನ ರೆಕ್ಕೆಗಳು ಸ್ವಚ್ಛವಾಗಿಯೇ ಕಾಣಬಹುದು. ಹಿಂದೆ ಟಾರ್ಚ್ ಹಿಡಿದು ಮುಂದಿನಿಂದ ನೋಡಿ: ಬೆಳಕು ಎಲ್ಲಿ ತೂರಿ ಬರುವುದಿಲ್ಲವೋ ಅಲ್ಲಿ ಗಾಳಿಯೂ ತೂರುವುದಿಲ್ಲ. ತೊಳೆಯುವಾಗ ನೀರನ್ನು ಎಂಜಿನ್ನಿನ ಕಡೆಯಿಂದ ಹೊರಕ್ಕೆ, ಕಡಿಮೆ ರಭಸದಲ್ಲಿ ಹಾಯಿಸಬೇಕು. ಸರ್ವಿಸ್ ಸ್ಟೇಷನ್ನಿನ ಜೋರು ನೀರು ರೆಕ್ಕೆಗಳನ್ನು ಮಲಗಿಸಿಬಿಡುತ್ತದೆ. ಬೆರಳು ಸೋಕಿದರೆ ರೆಕ್ಕೆಗಳು ಪುಡಿಯಾಗಿ ಉದುರುವಂತಿದ್ದರೆ ಅವು ಕೊಳವೆಗಳಿಂದ ಬಿಟ್ಟುಹೋಗಿವೆ, ತೊಳೆದು ಫಲವಿಲ್ಲ.

ಫ್ಯಾನಿನ ಸುತ್ತಲಿನ ತಗಡಿನ ಕವಚವನ್ನು ಯಾವುದೋ ರಿಪೇರಿಯಲ್ಲಿ ಬಿಚ್ಚಿ ಮತ್ತೆ ಹಾಕದೆ ಬಿಟ್ಟ ಜೀಪುಗಳು ಎಷ್ಟೋ. ಕವಚವಿಲ್ಲದ ಫ್ಯಾನು ರೇಡಿಯೇಟರಿನ ಮೂಲಕ ಗಾಳಿ ಎಳೆಯುವ ಬದಲು ತನ್ನ ಸುತ್ತಲಿನ ಬಿಸಿ ಗಾಳಿಯನ್ನೇ ತಿರುವುತ್ತದೆ. ಮುಂದಿನ ಜಾಲರಿಗೆ ಅಡ್ಡವಾಗಿ ದೊಡ್ಡ ಲೈಟು, ವಿಂಚು, ಡಬ್ಬಿ ಕಟ್ಟಿದ್ದರೆ ಪರೀಕ್ಷೆಯ ದಿನಗಳ ಮಟ್ಟಿಗೆ ಅವನ್ನು ಬಿಚ್ಚಿಡಿ. ಬೆಲ್ಟನ್ನು ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 10ರಿಂದ 12 ಮಿಲಿಮೀಟರ್ ಬಾಗಬೇಕು. ಒಳಮೈ ಗಾಜಿನಂತೆ ಹೊಳೆಯುತ್ತಿದ್ದರೆ ಬಿಗಿಯಾಗಿದ್ದರೂ ಜಾರುತ್ತದೆ. ಮುಲ್ಲಾಮಾರಿ ಹೊಳೆಯಲ್ಲಿ ಇಳಿದು ದಾಟಿದ ದಿನ ಮಾತ್ರ ಹೀಟ್ ಆಗುತ್ತದೆ ಎಂದು ನಿಮ್ಮ ಟಿಪ್ಪಣಿ ಹೇಳಿದರೆ ಮೊದಲು ನೋಡಬೇಕಾದದ್ದು ಈ ಬೆಲ್ಟನ್ನೇ. ವಿಸ್ಕಸ್ ಕ್ಲಚ್ (ಕಾಯ್ದಾಗ ಮಾತ್ರ ಫ್ಯಾನನ್ನು ಬಿಗಿಯಾಗಿ ಹಿಡಿಯುವ ಜೋಡಣೆ) ಇರುವ ಫ್ಯಾನಾದರೆ, ಎಂಜಿನ್ನು ಚೆನ್ನಾಗಿ ಕಾಯ್ದ ಮೇಲೆ ಬಂದ್ ಮಾಡಿ ಕೈಯಿಂದ ತಿರುಗಿಸಿ. ಬಿಗುವಿಲ್ಲದೆ ಸುತ್ತು ಸುತ್ತು ತಿರುಗಿದರೆ ಕ್ಲಚ್ ಸತ್ತಿದೆ.

ಥರ್ಮೋಸ್ಟಾಟ್ ತೆಗೆಯುವ ರೂಢಿ

ಬಿಸಿಲ ನಾಡಿನಲ್ಲಿ ಥರ್ಮೋಸ್ಟಾಟ್ ಬೇಡ ಎಂಬ ಮಾತು ನಮ್ಮ ಗ್ಯಾರೇಜುಗಳಲ್ಲಿ ಆಳವಾಗಿ ಬೇರೂರಿದೆ. ಇದನ್ನು ನಾನು ಒಪ್ಪಲಾರೆ, ಏಕೆಂದರೆ ಇದರಿಂದ ಹಾನಿಯಾದದ್ದನ್ನು ಕಂಡಿದ್ದೇನೆ. ಡೀಸೆಲ್ ಎಂಜಿನ್ನು ತನ್ನ ಶಾಖಕ್ಕೆ ಬರದೆ ಓಡಿದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಸಿಲಿಂಡರು ಬೇಗ ಸವೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ಎರಡು ಕೆಲಸ ಮಾಡುತ್ತದೆ: ರೇಡಿಯೇಟರಿನ ದಾರಿಯನ್ನು ತೆರೆಯುತ್ತಲೇ, ಎಂಜಿನ್ನೊಳಗೇ ನೀರು ಸುತ್ತುವ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತುಹಾಕಿದರೆ ಬೈಪಾಸ್ ಸದಾ ತೆರೆದೇ ಇದ್ದು, ಬಿಸಿ ನೀರಿನ ಒಂದು ಪಾಲು ರೇಡಿಯೇಟರನ್ನು ಕಾಣದೆಯೇ ಹಿಂದಿರುಗುತ್ತದೆ. ತಂಪಾಗಲೆಂದು ಮಾಡಿದ್ದೇ ಏರಿನಲ್ಲಿ ಹೀಟ್ ಆಗಲು ಕಾರಣವಾಗುತ್ತದೆ.

ಥರ್ಮೋಸ್ಟಾಟನ್ನು ಅಡುಗೆಮನೆಯಲ್ಲೇ ಪರೀಕ್ಷಿಸಬಹುದು. ಒಂದು ಪಾತ್ರೆ ನೀರಿನಲ್ಲಿ ದಾರ ಕಟ್ಟಿ ತೂಗಬಿಟ್ಟು, ತಳಕ್ಕೆ ತಾಗದಂತೆ ನೋಡಿಕೊಂಡು, ಥರ್ಮಾಮೀಟರ್ ಇಟ್ಟು ಕಾಯಿಸಿ. 82 ಡಿಗ್ರಿ ಎಂದು ಮುದ್ರಿಸಿದ್ದರೆ ಅದರ ಆಸುಪಾಸಿನಲ್ಲಿ ತೆರೆಯಲು ಶುರುವಾಗಿ, ಇನ್ನೂ ಹತ್ತು ಹನ್ನೆರಡು ಡಿಗ್ರಿ ಏರುವಷ್ಟರಲ್ಲಿ ಪೂರ್ತಿ ತೆರೆಯಬೇಕು. ಆಗಾಗ ಕಾಡುವ ದೋಷದಲ್ಲಿ ಒಂದೇ ಸಲ ನೋಡಿದರೆ ಸಾಲದು. ನಾಲ್ಕೈದು ಸಲ ಕಾಯಿಸಿ ತಣಿಸಿ ನೋಡಿ, ಒಂದು ಸಲವಾದರೂ ಓರೆಯಾಗಿ ನಿಂತರೆ ಎಸೆಯಿರಿ. ಮತ್ತೆ ಕೂಡಿಸುವಾಗ ಅದರ ಅಂಚಿನಲ್ಲಿರುವ ಸಣ್ಣ ತೂತು ಮತ್ತು ಅದರಲ್ಲಿ ಅಲುಗಾಡುವ ಪುಟ್ಟ ಮೊಳೆ ಮೇಲ್ತುದಿಗೆ ಬರಬೇಕು. ಗಾಳಿ ಮೇಲಕ್ಕೆ ಸೇರುವುದರಿಂದ ಅದು ಹೊರಹೋಗಲು ಇರುವ ಕಿಂಡಿ ಅದು. ತೂತು ಕೆಳಗಾದರೆ ಗಾಳಿಯ ಗುಳ್ಳೆ ಥರ್ಮೋಸ್ಟಾಟಿನ ಕೆಳಗೇ ಸಿಕ್ಕಿಕೊಂಡು, ಬಿಸಿ ನೀರು ತಾಗದೆ ಅದು ತೆರೆಯಲು ತಡಮಾಡುತ್ತದೆ. ಮುಳ್ಳು ಹಾರಿ ಬೀಳುವ ಆಟಕ್ಕೆ ಇದು ಬಹಳ ಸಲ ಕಾರಣ. ನೀರು ತುಂಬುವಾಗ ಗಾಡಿಯ ಮೂತಿಯನ್ನು ಸ್ವಲ್ಪ ಎತ್ತರದ ಜಾಗದಲ್ಲಿ ನಿಲ್ಲಿಸಿ, ಹೀಟರ್ ವಾಲ್ವ್ ತೆರೆದಿಡುವುದು ಒಳ್ಳೆಯದು. ನಾನು ಹೊಸ ಥರ್ಮೋಸ್ಟಾಟ್ ಹಾಕಿದೆ. ನಗರದಲ್ಲಿ ಮುಳ್ಳು ಮೊದಲಿಗಿಂತ ಸ್ಥಿರವಾಯಿತು, ಏರಿನಲ್ಲಿ ಮಾತ್ರ ಹಳೆಯ ಕಥೆ ಮುಂದುವರಿಯಿತು.

ಕಾಯ್ದಾಗ ಮಾತ್ರ ಕುಸಿಯುವ ಹೋಸು

ರೇಡಿಯೇಟರಿನ ತಳದಿಂದ ವಾಟರ್ ಪಂಪಿಗೆ ಬರುವ ಕೆಳಗಿನ ಹೋಸು ಎಳೆತದ ಕಡೆಯದು. ಪಂಪು ಜೋರಾಗಿ ತಿರುಗಿದಷ್ಟೂ ಅದರೊಳಗೆ ಎಳೆತ ಹೆಚ್ಚುತ್ತದೆ. ಅದು ಕುಸಿಯದಿರಲೆಂದು ಒಳಗೆ ತಂತಿಯ ಸ್ಪ್ರಿಂಗ್ ಇರುತ್ತದೆ. ನನ್ನ ಗಾಡಿಯ ಈ ಹೋಸನ್ನು ಎರಡು ಗ್ಯಾರೇಜಿನಲ್ಲಿ ಹಿಸುಕಿ ನೋಡಿ ‘ಗಟ್ಟಿ ಅದ’ ಎಂದಿದ್ದರು. ತಣ್ಣಗಿದ್ದಾಗ ನಿಜವಾಗಿಯೂ ಗಟ್ಟಿಯಿತ್ತು.

ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ, ನೆರಳಿನಲ್ಲೇ 42 ಡಿಗ್ರಿ ಇದ್ದಾಗ, ಅಕ್ಕನ ಮಗನನ್ನು ಜೊತೆಗೆ ಕರೆದುಕೊಂಡು ಕೊಂಚಾವರಂ ದಾರಿಯ ಏರು ಹತ್ತಿಸಿದೆ. ಮುಳ್ಳು ಮುಕ್ಕಾಲು ದಾಟಿದೊಡನೆ ಬದಿಗೆ ನಿಲ್ಲಿಸಿ, ಎಂಜಿನ್ನನ್ನು ಬಂದ್ ಮಾಡದೆ ಬಾನೆಟ್ ಎತ್ತಿದೆ. ತೋಳು ಮಡಚಿ, ಕೊರಳಲ್ಲಿದ್ದ ಟವೆಲ್ ತೆಗೆದಿಟ್ಟು, ಫ್ಯಾನಿನಿಂದ ದೂರವಾಗಿ ಪಕ್ಕದಿಂದ ಟಾರ್ಚ್ ಬಿಟ್ಟು, ಅವನಿಗೆ ನಿಧಾನವಾಗಿ ಆಕ್ಸಿಲರೇಟರ್ ಒತ್ತಲು ಹೇಳಿದೆ. ಅರ್ಧದವರೆಗೆ ಏನೂ ಇಲ್ಲ. ‘ಮಾಮಾ, ಇನ್ನಾ ಒತ್ಲೇನು?’ ಎಂದ. ‘ಒತ್ತು, ಬಿಡಬ್ಯಾಡ’ ಎಂದೆ. ಶಬ್ದ ಏರಿತು, ಮತ್ತು ಕೆಳಗಿನ ಹೋಸಿನ ಮಧ್ಯಭಾಗ, ಬೀಡಿ ಎಳೆಯುವವನ ಕೆನ್ನೆಯಂತೆ, ಎರಡೂ ಬದಿಯಿಂದ ಒಳಗೆ ಹೋಗಿ ಒಂದಕ್ಕೊಂದು ಅಂಟಿಕೊಂಡಿತು. ಕಾಲು ಬಿಟ್ಟೊಡನೆ ಮತ್ತೆ ದುಂಡಗಾಯಿತು. ಮೂರು ಸಲ ಮಾಡಿಸಿ ನೋಡಿದೆ. ಮೂರೂ ಸಲ ಅದೇ ಜಾಗ, ಅದೇ ವೇಗ. ಎರಡು ಬೇಸಿಗೆ ಹುಡುಕಿದ್ದು ಅಲ್ಲಿತ್ತು. ಮನೆಗೆ ಬಂದು ಹೋಸು ಬಿಚ್ಚಿ ಅಲುಗಿಸಿದಾಗ ಸ್ಪ್ರಿಂಗ್ ತುಕ್ಕಿನ ಚೂರುಗಳಾಗಿ ಅಂಗೈಗೆ ಉದುರಿತು.

ಹೋಸು ಬದಲಿಸಿ ಇಲ್ಲಿಗೆ ಮುಗಿಯಿತೆಂದು ಬಿಡಬಹುದಿತ್ತು, ಮತ್ತು ಹಾಗೆ ಬಿಟ್ಟಿದ್ದರೆ ಮುಂದಿನ ಬೇಸಿಗೆಯಲ್ಲಿ ಮತ್ತೆ ಬರುತ್ತಿತ್ತು. ಹೋಸು ಅಷ್ಟು ಬಲವಾಗಿ ಏಕೆ ಎಳೆಯಲ್ಪಟ್ಟಿತು ಎಂದು ಕೇಳಬೇಕು. ಪಂಪು ಕೇಳಿದಷ್ಟು ನೀರನ್ನು ರೇಡಿಯೇಟರು ಕೊಡುತ್ತಿದ್ದರೆ ಎಳೆತ ಅಷ್ಟು ಏರುವುದಿಲ್ಲ. ಮುಚ್ಚಳ ಒತ್ತಡ ಹಿಡಿದಿದ್ದರೆ ಆ ಒತ್ತಡವೇ ಹೋಸನ್ನು ಒಳಗಿನಿಂದ ಉಬ್ಬಿಸಿ ಹಿಡಿದಿರುತ್ತಿತ್ತು. ಅಂದರೆ ಮುಚ್ಚಳದ ಸೀಳು, ಕರಗಿದ ಸ್ಪ್ರಿಂಗ್, ರೇಡಿಯೇಟರಿನ ಕಟ್ಟಿಕೊಂಡ ಕೊಳವೆಗಳು, ಮೂರೂ ಒಂದೇ ಸರಪಳಿಯ ಕೊಂಡಿಗಳು. ಬಿಸಿಲು ರಬ್ಬರನ್ನು ಮೆತ್ತಗೆ ಮಾಡಿದ ದಿನ, ಎಂಜಿನ್ನು ಜೋರಾಗಿ ತಿರುಗಿದ ಹೊತ್ತಿಗೆ ಮಾತ್ರ ಮೂರೂ ಕೂಡುತ್ತಿದ್ದವು.

ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಕಾಯ್ದ ರೇಡಿಯೇಟರಿನ ಮೈಮೇಲೆ ಅಂಗುಲ ಅಂಗುಲವಾಗಿ ಅಳೆದಾಗ ಎಡಭಾಗದ ಕೆಳಗೆ ಒಂದು ದೊಡ್ಡ ತೇಪೆ ಉಳಿದ ಮೈಗಿಂತ ಬಹಳ ತಣ್ಣಗಿತ್ತು. ತಣ್ಣಗಿದೆ ಎಂದರೆ ಅಲ್ಲಿ ಬಿಸಿ ನೀರು ಬರುತ್ತಲೇ ಇಲ್ಲ. ರೇಡಿಯೇಟರ್ ರಿಪೇರಿಯವರು ಮೇಲಿನ ತೊಟ್ಟಿಯ ಬೆಸುಗೆ ಬಿಡಿಸಿ ತೋರಿಸಿದಾಗ, ಕೊಳವೆಗಳ ಬಾಯಿಗಳಲ್ಲಿ ಎಲೆಗೆ ಹಚ್ಚುವ ಸುಣ್ಣ ಒಣಗಿ ಕೂತಂತೆ ಬಿಳಿಯ ಪದರವಿತ್ತು. ಮೂರರಲ್ಲೊಂದು ಕೊಳವೆ ಪೂರ್ತಿ ಮುಚ್ಚಿತ್ತು. ನಾವು ಇರುವುದು ಸುಣ್ಣಕಲ್ಲಿನ ನೆಲದ ಮೇಲೆ. ಮನೆಮನೆಗೆ ಶಹಾಬಾದ್ ಕಲ್ಲು ಹಾಸುವುದು, ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳು ಇರುವುದು ಆ ಕಲ್ಲಿನಿಂದಲೇ. ಅದೇ ಕಲ್ಲಿನ ನಡುವಿನಿಂದ ಬರುವ ಬೋರಿನ ನೀರು ಕಾಯ್ದಾಗ ಅದರಲ್ಲಿ ಕರಗಿದ ಸುಣ್ಣ ಬಿಸಿ ಲೋಹಕ್ಕೆ ಅಂಟುತ್ತದೆ. ಸ್ನಾನದ ಹಂಡೆಯ ತಳದಲ್ಲಿ ಕಾಣುವುದು ರೇಡಿಯೇಟರಿನೊಳಗೂ ಆಗುತ್ತದೆ. ಇಷ್ಟು ವರ್ಷ ಕಡಿಮೆಯಾದಾಗಲೆಲ್ಲ ಹೊಲದ ಬೋರಿನ ನೀರು ಸುರಿದವನು ನಾನೇ.

ಹಳೆಯ ಹಿತ್ತಾಳೆ ಮತ್ತು ತಾಮ್ರದ ರೇಡಿಯೇಟರಿಗೆ ಕಡ್ಡಿ ಹೊಡೆದು ಸ್ವಚ್ಛ ಮಾಡಬಹುದು. ತೀಕ್ಷ್ಣ ಆಸಿಡ್ ಹಾಕಿಸಬೇಡಿ, ಅದು ಪದರದ ಜೊತೆಗೆ ಬೆಸುಗೆಯನ್ನೂ ತಿನ್ನುತ್ತದೆ. ಬ್ಲಾಕಿನ ಬದಿಯ ಡ್ರೇನ್ ಕಾಕನ್ನೂ ಮರೆಯಬಾರದು. ಅದನ್ನು ಪೂರ್ತಿ ತೆರೆದರೂ ನೀರು ಬರದಿದ್ದರೆ ಒಳಗೆ ತುಕ್ಕಿನ ಕೆಸರು ತುಂಬಿದೆ. ತಂತಿ ಹಾಕಿ ಕೆದಕಿ, ತಿಳಿನೀರು ಬರುವವರೆಗೆ ಹರಿಸಬೇಕು. ನನ್ನದರಲ್ಲಿ ಮೊದಲು ಬಂದದ್ದು ಕೆಂಪು ರಾಡಿ. ಮತ್ತೆ ತುಂಬುವಾಗ ಒಂದು ಪಾಲು ಕೂಲಂಟ್, ಎರಡು ಪಾಲು ಡಿಸ್ಟಿಲ್ಡ್ ವಾಟರ್ ನಮ್ಮ ಹವೆಗೆ ಸಾಕು. ಹೆಪ್ಪುಗಟ್ಟುವ ಚಳಿ ಇಲ್ಲಿಲ್ಲ; ಕೂಲಂಟಿನಲ್ಲಿರುವ ಗ್ಲೈಕಾಲ್ ನೀರಿನಷ್ಟು ಶಾಖ ಹೊರುವುದಿಲ್ಲವಾದ್ದರಿಂದ ಹೆಚ್ಚು ಹಾಕಿದರೆ ಹೆಚ್ಚು ತಂಪು ಎಂಬುದು ತಪ್ಪು ಲೆಕ್ಕ. ಹಳೆಯ ಕೂಲಂಟನ್ನು ಅಂಗಳಕ್ಕೆ ಚೆಲ್ಲಬೇಡಿ. ಅದು ಸಿಹಿಯಾಗಿರುತ್ತದೆ, ನಾಯಿ ಮತ್ತು ದನಕರುಗಳು ನೆಕ್ಕುತ್ತವೆ, ಮತ್ತು ಅದು ವಿಷ.

ಇಷ್ಟರಲ್ಲೂ ಸಿಗದಿದ್ದರೆ

ಹೊಸ ಪಂಪಿನ ಮೇಲೂ ಕಣ್ಣಿರಲಿ: ಒಳಗಿನ ಚಕ್ರ ದಂಡದ ಮೇಲೆ ಸಡಿಲವಾಗಿದ್ದರೆ ತಣ್ಣಗಿದ್ದಾಗ ಹಿಡಿದು ತಿರುಗಿ, ಕಾಯ್ದಾಗ ಜಾರುವುದುಂಟು, ಪುಲ್ಲಿ ತಿರುಗುತ್ತದೆ, ನೀರು ತಿರುಗುವುದಿಲ್ಲ. ಏರಿನಲ್ಲಿ ಕಪ್ಪು ಹೊಗೆ ದಟ್ಟವಾಗಿದ್ದರೆ ಎಂಜಿನ್ನು ತಣಿಸಲಾರದಷ್ಟು ಶಾಖವನ್ನು ತಾನೇ ಹುಟ್ಟಿಸುತ್ತಿದೆ. ಎಳೆತ ಹೆಚ್ಚಲೆಂದು, ಸಿಲಿಂಡರುಗಳಿಗೆ ಡೀಸೆಲ್ ಹೊಡೆಯುವ ಪಂಪಿನ ಸ್ಕ್ರೂ ತಿರುವಿದ ಗಾಡಿಗಳಲ್ಲಿ ಇದು ಸಾಮಾನ್ಯ. ಡೀಸೆಲ್ ಸಿಂಪಡಿಸುವ ನಾಜಲ್ ಮತ್ತು ಅದು ಸಿಂಪಡಿಸುವ ಹೊತ್ತನ್ನು, ಅಂದರೆ ಟೈಮಿಂಗನ್ನು, ಪಂಪಿನ ಕೆಲಸ ತಿಳಿದವರಲ್ಲಿಯೇ ನೋಡಿಸಬೇಕು. ಐದಾರು ಕಿಲೋಮೀಟರ್ ಓಡಿಸಿ ಚಕ್ರಗಳ ನಾಲ್ಕೂ ಬ್ರೇಕ್ ಡ್ರಮ್ಮುಗಳ ಶಾಖ ಅಳೆಯಿರಿ, ಒಂದು ಮಾತ್ರ ಸುಡುತ್ತಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಕ್ಲಚ್ ಜಾರುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಇವೆಲ್ಲ ದಾಟಿದ ಮೇಲೆಯೇ ಹೆಡ್.

ರಿಪೇರಿಯಾದ ಮೇಲೆ ಪರೀಕ್ಷೆಯನ್ನು ಅದೇ ದಾರಿಯಲ್ಲಿ, ಅದೇ ಭಾರದಲ್ಲಿ, ಅದೇ ಬಿಸಿಲಿನಲ್ಲಿ ಮಾಡಬೇಕು. ಸಂಜೆಯ ತಂಪಿನಲ್ಲಿ ಓಡಿಸಿ ಸರಿಯಾಯಿತೆಂದು ಹೇಳುವುದು ಪರೀಕ್ಷೆಯಲ್ಲ. ಮೇ ತಿಂಗಳಿನಲ್ಲಿ ಆರು ಚೀಲ ಹೇರಿ, ಮಧ್ಯಾಹ್ನ ಎರಡಕ್ಕೆ, ಮೂರು ದಿನ ಅದೇ ಏರು ಹತ್ತಿದೆ. ಥರ್ಮೋಸ್ಟಾಟ್ ಮನೆಯ ಮೇಲಿನ ಕಪ್ಪು ಟೇಪು ಮೂರೂ ದಿನ 90ರಿಂದ 93 ಡಿಗ್ರಿಯ ನಡುವೆಯೇ ತೋರಿಸಿತು, ಮುಳ್ಳು ಅರ್ಧವನ್ನು ಸ್ವಲ್ಪ ದಾಟಿ ಅಲ್ಲೇ ನಿಂತಿತು. ಏರಿನ ತುದಿಯಲ್ಲಿ ಅಕ್ಕನ ಮಗ ಮತ್ತೆ ಆಕ್ಸಿಲರೇಟರನ್ನು ಕೊನೆಯವರೆಗೆ ಒತ್ತಿದ. ಟಾರ್ಚಿನ ಬೆಳಕಿನಲ್ಲಿ ಹೊಸ ಹೋಸು ದುಂಡಗೆಯೇ ಇತ್ತು. ನಾಲ್ಕನೆಯ ಬೆಳಿಗ್ಗೆ ಮುಚ್ಚಳ ತಿರುಗಿಸಿದಾಗ ಸದ್ದೇನೂ ಬರಲಿಲ್ಲ, ನೀರು ತುಂಬಿದ್ದ ಮಟ್ಟದಲ್ಲೇ ಇತ್ತು.